ಮಾರ್ಚ್ ತಿಂಗಳ ಬಾವಿಗಳು

ಚಿದಂಬರ ಮೀಸೆ ತೆಗೆಸಿದ್ದು ಮಗಳಿಗಾಗಿ. ಹಿರಿಯೂರು ಕಡೆಯ ಗಂಡಸು. ಅಪ್ಪ ತೀರಿಕೊಂಡಾಗ ಬಿಟ್ಟರೆ ಮೂಗಿನ ಕೆಳಗೆ ಕತ್ತಿ ಮುಟ್ಟಿಸಿಕೊಂಡವನಲ್ಲ. ದಿಲ್ಲಿಯ ಕಿವುಡು ಮಕ್ಕಳ ಶಾಲೆಯ ಟೀಚರಮ್ಮ ಅವನನ್ನು ಕೂರಿಸಿಕೊಂಡು, "ನಿಮ್ಮ ಹುಡುಗಿ ನಿಮ್ಮ ತುಟಿ ನೋಡಿ ಮಾತು ತಿಳಿಯಬೇಕು. ಅದರ ಮುಂದೆ ಬೇಲಿ ಹಾಕಿಕೊಂಡಿದ್ದೀರಲ್ಲ?" ಎಂದಳಂತೆ. ಅವತ್ತೇ ಸಂಜೆ ಮುನಿರ್ಕಾದ ಕ್ಷೌರದಂಗಡಿಯಿಂದ ಬೋಳು ಮುಖ ಹೊತ್ತು ಮನೆಗೆ ಬಂದ. ಅವನ ಅಕ್ಕ ಮನೋರಮಮ್ಮ ಬಾಗಿಲು ತೆಗೆದವಳು ಯಾರು ಸತ್ತರೋ ಎಂದು ಗೋಡೆ ಹಿಡಿದು ನಿಂತುಬಿಟ್ಟಳು.

ಟೀಚರಮ್ಮ ಇನ್ನೊಂದು ಕಟ್ಟನ್ನೂ ಹಾಕಿದ್ದಳು. ಮನೆಯಲ್ಲಿ ಒಂದೇ ಭಾಷೆ ನಡೆಯಬೇಕು, ಅದೂ ಹಿಂದಿ. ಎರಡು ಭಾಷೆ ತುಟಿಯ ಮೇಲೆ ಬೆರೆತರೆ ಮಗುವಿಗೆ ಎರಡೂ ದಕ್ಕುವುದಿಲ್ಲ ಎಂಬುದು ಆ ಶಾಲೆಯ ಮತ. ಹಾಗಾಗಿ ಆ ಮನೆಯಲ್ಲಿ ಮಗಳು ಸಂಯುಕ್ತಾ ಎದ್ದಿರುವಷ್ಟು ಹೊತ್ತು ಕನ್ನಡ ಬಾಯಿಗೆ ಬರಬಾರದು. ಚಿದಂಬರನದು ಗುಜರಾತಿನ ಎಣ್ಣೆ ಬಾವಿಗಳ ನಡುವೆ ಕಲಿತ ಮುರುಕು ಹಿಂದಿ. ಮನೋರಮಮ್ಮನಿಗೆ ಅದೂ ಇಲ್ಲ. ತಮ್ಮನ ಹೆಂಡತಿ ವಿಮಲಾ ಜ್ವರದಲ್ಲಿ ಹೋದ ಮೇಲೆ ಮನೆ ನೋಡಲು ಬಂದ ವಿಧವೆ ಆಕೆ. ಉಣ್ಣು, ಮಲಗು ಎನ್ನಲು "ಖಾನಾ ಖಾಲೋ, ಸೋ ಜಾವೋ" ಇಷ್ಟು ಕಲಿತಳು. ಮಿಕ್ಕದ್ದನ್ನೆಲ್ಲ ನುಂಗಿಕೊಂಡು ಓಡಾಡುತ್ತಿದ್ದಳು. ತಿಂಗಳಾನುಗಟ್ಟಲೆ ನುಂಗಿದ್ದನ್ನು ನಾನು ಹೋದಾಗ ಅಡುಗೆಮನೆಯ ಬಾಗಿಲಲ್ಲಿ ನಿಂತು ಒಂದೇ ಉಸಿರಿಗೆ ಕಕ್ಕುವಳು.

ನಾನು ಆಗ ಆರ್.ಕೆ.ಪುರಂನಲ್ಲಿ ಮಗಳ ಸರ್ಕಾರಿ ಕ್ವಾರ್ಟರ್ಸಿನಲ್ಲಿದ್ದೆ. ಸಚಿವಾಲಯವೊಂದರಲ್ಲಿ ಕಾರು ಓಡಿಸಿ ನಿವೃತ್ತನಾಗಿದ್ದೆ. ಮಲೈ ಮಂದಿರದ ಗುಡ್ಡದ ಕೆಳಗೆ ಸಂಜೆ ತಿರುಗಾಡುವಾಗ ಚಿದಂಬರ ಸಿಕ್ಕ. ಕನ್ನಡ ಆಡಲು ಅವನಿಗೆ ದಿನಕ್ಕೊಮ್ಮೆ ಒಂದು ಕಿವಿ ಬೇಕಿತ್ತು, ನನಗೆ ಹೊತ್ತು ಹೋಗಬೇಕಿತ್ತು. ಶಾಲೆ ಕಲಿತವರ ಮಾತು ತಿಳಿಯದಿದ್ದರೆ ತಿಳಿಯುವ ತನಕ ಕೇಳುವುದು ನನ್ನ ಹುಟ್ಟುಗುಣ. ಓದು ಬರಹವನ್ನೂ ಹಾಗೇ ಗುದ್ದಾಡಿ ಗಳಿಸಿದ್ದು. ಅವನು ಬೇಸರಪಡದೆ ಹೇಳುತ್ತಿದ್ದ.

ಎಣ್ಣೆ ಬಾವಿ ನಮ್ಮ ನೀರ ಬಾವಿಯ ಹಾಗೆ ಇಣುಕಿ ನೋಡುವಂಥದ್ದಲ್ಲವಂತೆ. ಗೇಣಗಲದ ತೂತು, ಪಾತಾಳದ ಆಳ. ವರ್ಷ ಕಳೆದ ಹಾಗೆ ಕೆಳಗಿನ ಕಲ್ಲಿನ ಸಂದುಗಳಲ್ಲಿ ಕಸರು ಕಟ್ಟಿಕೊಂಡು ಬಾವಿ ಸೊರಗುತ್ತದೆ. ಆಗ ಆಸಿಡ್ ಇಳಿಸಿ ತೊಳೆಯಬೇಕು. ಅದು ಬಾವಿಗೆ ಚಿಕಿತ್ಸೆ. ಆದರೆ ಎಲ್ಲ ಬಾವಿಗೂ ಅದು ಹಿಡಿಸದು. ಕೆಲವು ಚಿಗುರುತ್ತವೆ, ಕೆಲವಕ್ಕೆ ಬಿಸಿ ತಾಗಿದಂತೆಯೂ ಇಲ್ಲ, ಕೆಲವಂತೂ ಕೆಳಗಿನ ಉಪ್ಪುನೀರಿಗೆ ದಾರಿ ಬಿಟ್ಟುಕೊಂಡು ಕೆಟ್ಟೇ ಹೋಗುತ್ತವೆ. ಯಾವ ಬಾವಿಗೆ ಮದ್ದು, ಯಾವುದಕ್ಕೆ ಬೇಡ ಎಂದು ಆರಿಸುವುದೇ ವಿದ್ಯೆ. ಆ ವಿದ್ಯೆಯನ್ನು ಕಂಪ್ಯೂಟರಿಗೆ ಕಲಿಸಲು ಅವನ ಕಂಪನಿ ದಿಲ್ಲಿಯಲ್ಲಿ ಒಂದು ಸಣ್ಣ ಗುಂಪು ಮಾಡಿತ್ತು. ಬಾವಿ ಕಂಡವನೊಬ್ಬ ಬೇಕೆಂದು ಚಿದಂಬರನನ್ನು ಅದಕ್ಕೆ ಹಾಕಿದ್ದರು. ಮಗಳ ಶಾಲೆಗಾಗಿ ದಿಲ್ಲಿ ಬೇಡಿಕೊಂಡಿದ್ದವನಿಗೆ ದೇವರೇ ಕೈಹಿಡಿದು ಕರೆದಂತಾಗಿತ್ತು.

"ಹಿಂದೆ ಮದ್ದು ಹಾಕಿದ ನೂರಾರು ಬಾವಿಗಳ ಜಾತಕ ತೋರಿಸ್ತೀವಿ ಕೆಂಪಣ್ಣನವರೇ. ಮೊದಲು ಎಷ್ಟು ಎಣ್ಣೆ ಬರ್ತಿತ್ತು, ಆಮೇಲೆ ಎಷ್ಟು ಬಂತು ಅಂತ. ನೋಡಿ ನೋಡಿ ಅದಕ್ಕೇ ತಿಳಿಯುತ್ತೆ. ಹೊಸ ಬಾವಿ ತೋರಿಸಿದರೆ ಹಾಕಬಹುದು, ಬೇಡ ಅನ್ನುತ್ತೆ."

"ಸಂತೆಯಲ್ಲಿ ಎಮ್ಮೆ ಆರಿಸಿದ ಹಾಗೆ ಅನ್ನು."

"ಹಾಗೇ ಅಂದುಕೊಳ್ಳಿ. ಕೃತಕ ಬುದ್ಧಿ ಅಂತಾರೆ ಇದಕ್ಕೆ."

"ದೇವರು ಕೊಟ್ಟದ್ದು ಸಾಲದಾಯಿತೇನಪ್ಪ?"

"ನಮ್ಮ ಆಫೀಸಿಗೆ ಸಾಲದು" ಎಂದು ನಕ್ಕ. ಆಗಿನ್ನೂ ನಗುತ್ತಿದ್ದ.

ಗುಂಪಿನಲ್ಲಿ ಕಂಪ್ಯೂಟರಿನ ಕೆಲಸ ಮಾಡುತ್ತಿದ್ದವಳು ಅನನ್ಯಾ, ದಾವಣಗೆರೆಯ ಹುಡುಗಿ. ಇಲ್ಲೇ ದಿಲ್ಲಿಯಲ್ಲಿ ಓದಿ, ಗುತ್ತಿಗೆಯ ಮೇಲೆ ಸೇರಿದ್ದಳು. ಬೇರ್ ಸರಾಯ್‌ನಲ್ಲಿ ಒಂದು ಕೋಣೆ, ಮೂರು ಹುಡುಗಿಯರು. ಭಾನುವಾರ ಬಂತೆಂದರೆ ಮುದ್ದೆ ಉಣ್ಣಲು ಚಿದಂಬರನ ಮನೆಗೆ ಹಾಜರು. ಉಂಡು ಕೈತೊಳೆದು ಸಂಯುಕ್ತಾಳಿಗೆ ಲೆಕ್ಕ ಹೇಳಿಕೊಡುವಳು. ಹುಡುಗಿಗೆ ಗಂಟಲಿನಿಂದ ಬರುವ ಒರಟು ದನಿ, ಬೀದಿಯ ಮಕ್ಕಳು ಅಣಕಿಸುತ್ತಾರೆಂದು ಹೊರಗೆ ಬಾಯಿ ಬಿಡದವಳು, ಅನನ್ಯಾ ಬಂದರೆ ಮೆಟ್ಟಿಲ ತನಕ ಓಡಿ, "ದೀದೀ! ದೀದೀ!" ಎಂದು ಇಡೀ ಬ್ಲಾಕಿಗೆ ಕೇಳುವಂತೆ ಕೂಗುತ್ತಿದ್ದಳು.

"ಈಕೆ ಗಂಟಲು ನೋಡಿ, ಮಂಡಿಯಲ್ಲಿ ಹರಾಜು ಕೂಗಬಹುದು" ಎಂದು ಅನನ್ಯಾ ಕಿಚಾಯಿಸಿದರೆ, ತುಟಿ ಓದಲಾಗದ ಸಂಯುಕ್ತಾ ಅವಳ ಭುಜ ಹಿಡಿದು ತಿರುಗಿಸಿ, "ಹಿಂದೀ ಮೇ! ಹಿಂದೀ ಮೇ ಬೋಲೋ!" ಎಂದು ಗದರುವಳು.

ಮೊದಲ ಚಳಿಗಾಲ ಕಂಪ್ಯೂಟರು ಕೆಲವು ಬಾವಿ ಆರಿಸಿತು. ಮದ್ದು ಹಾಕಿದರು. ಮಾರ್ಚ್ ಕೊನೆಗೆ ಎಣ್ಣೆ ಏರಿತು. ಆಫೀಸಿನಲ್ಲಿ ಬರ್ಫಿ ಹಂಚಿದರು. ಗುಂಪಿನ ಯಜಮಾನ ಮಾಥುರ್ ಸಾಹೇಬರು ಚಿದಂಬರನ ಬೆನ್ನು ತಟ್ಟಿ, ಇನ್ನು ದೊಡ್ಡ ಕಂತು ಹಿಡಿಯುತ್ತೇವೆ, ದೊಡ್ಡ ಸಾಹೇಬರು ಒಪ್ಪಿದರೆ ಈ ಗುಂಪು ಕಾಯಂ, ನಿನ್ನ ಮಗಳ ಹತ್ತನೆಯ ತರಗತಿ ಮುಗಿಯುವವರೆಗೆ ನಿನ್ನನ್ನು ಯಾರೂ ಅಲುಗಿಸುವುದಿಲ್ಲ ಎಂದರು. ಒಪ್ಪದಿದ್ದರೆ ಗುಂಪು ಬರಖಾಸ್ತು, ಎಲ್ಲರೂ ತಂತಮ್ಮ ಫೀಲ್ಡಿಗೆ ವಾಪಸು. ಫೀಲ್ಡು ಎಂದರೆ ಪಾಳಿಯ ಕೆಲಸ, ಬಾವಿಗಳ ನಡುವಿನ ಬಯಲು. ಅಲ್ಲಿ ಅಂಥ ಶಾಲೆ ಇಲ್ಲ. ದಿಲ್ಲಿಯ ಶಾಲೆಗೆ ಹಾಸ್ಟೆಲಿಲ್ಲ. ಹಿಂದಿ ಬಾರದ ಅಕ್ಕನ ಕೈಯಲ್ಲಿ ಹುಡುಗಿಯನ್ನು ಈ ಊರಿನಲ್ಲಿ ಬಿಟ್ಟು ಹೋಗುವ ಹಾಗಿಲ್ಲ. ಸಂಯುಕ್ತಾ ಆಗ ಏಳನೆಯ ತರಗತಿ. ಆಡಲು ಕಲಿತ ಮಾತು ಬಾಯಿಯಲ್ಲಿ ಇನ್ನೂ ಹಸಿಗೋಡೆಯ ಹಾಗಿತ್ತು. ಕೈಬಿಟ್ಟರೆ ಕುಸಿಯುತ್ತದೆ ಎಂದು ಟೀಚರಮ್ಮ ಹೇಳಿದ್ದಳು.

ಬೇಸಿಗೆಯ ಒಂದು ಭಾನುವಾರ. ಕೂಲರು ಗೊರಗೊರ ಎನ್ನುತ್ತಿತ್ತು. ಸಂಯುಕ್ತಾ ಒಳಗೆ ಮಲಗಿದ್ದಳು, ಹಾಗಾಗಿ ನಾವು ಕನ್ನಡದಲ್ಲೇ ಮಾತಾಡುತ್ತಿದ್ದೆವು. ಅನನ್ಯಾ ಮುದ್ದೆ ಮುರಿಯುತ್ತಾ ಕೇಳಿದಳು:

"ಅಂಕಲ್, ಒಂದು ವಿಚಿತ್ರ ನೋಡಿದ್ರಾ? ನಮ್ಮ ಕಂಪ್ಯೂಟರು ಸೊರಗಿದ ಬಾವಿ ಬಿಟ್ಟು ಒತ್ತಡ ಚೆನ್ನಾಗಿರೋ ಬಾವಿಗಳನ್ನೇ ಆರಿಸುತ್ತೆ. ಹಳೇ ಕೇಸುಗಳಲ್ಲೂ ಲಾಭ ಆಗಿರೋದೆಲ್ಲ ಅಂಥವಕ್ಕೇ. ಅದೂ ಮಾರ್ಚ್ ತಿಂಗಳಲ್ಲೇ."

"ಹೌದಾ?" ಎಂದ ಚಿದಂಬರ.

"ನಾನು ಯೋಚನೆ ಮಾಡಿದೆ. ಅಲ್ಲಿನ ಎಣ್ಣೇಲಿ ಮೇಣ ಜಾಸ್ತಿ ಅಲ್ವಾ? ಚಳೀಲಿ ಗಟ್ಟಿಯಾಗುತ್ತೆ, ಮಾರ್ಚಲ್ಲಿ ಬಿಸಿಲು ಬಂದ ತಕ್ಷಣ ಕರಗುತ್ತೆ. ಒತ್ತಡ ಇರೋ ಬಾವಿ ಅದನ್ನ ಹೊರಗೆ ತಳ್ಳುತ್ತೆ. ಆಸಿಡ್ಡೂ ಒಳಗೆ ಸಲೀಸಾಗಿ ಇಳಿಯುತ್ತೆ. ಸರಿ ಅಲ್ವಾ? ಮಾಥುರ್ ಸರ್‌ಗೆ ಹೇಳಿದೆ, ವಾಹ್ ವಾಹ್ ಅಂದ್ರು."

ಚಿದಂಬರ ತುತ್ತನ್ನು ಸಾರಿನಲ್ಲಿ ಅದ್ದಿ ಹಿಡಿದೇ ಇದ್ದ. ಮನೋರಮಮ್ಮ, "ಯಾಕೋ, ಉಪ್ಪು ಕಮ್ಮಿಯೇನೋ?" ಎಂದಳು. ಅವನು ಇಲ್ಲ ಎಂದು ಎದ್ದು ಕೈತೊಳೆದ.

ಅವತ್ತು ಸಂಜೆ ಗುಡ್ಡದ ಕೆಳಗೆ ಕೂತು ನನಗೆ ಹೇಳಿದ. ಬಾವಿಯ ಬಾಯಿಗೆ ಒಂದು ಕಬ್ಬಿಣದ ಬಿಲ್ಲೆ ಹಾಕಿರುತ್ತಾರೆ, ಅದರ ನಡುವೆ ಸಣ್ಣ ಕಣ್ಣು. ಅದಕ್ಕೆ ಬೀನ್ ಎನ್ನುತ್ತಾರೆ. ಕಣ್ಣು ಚಿಕ್ಕದಿದ್ದರೆ ಎಣ್ಣೆ ಕಮ್ಮಿ, ದೊಡ್ಡದಿದ್ದರೆ ಹೆಚ್ಚು. ಫೀಲ್ಡಿನಲ್ಲಿ ಪ್ರತಿ ವರ್ಷ ಇಷ್ಟು ಎಣ್ಣೆ ತೆಗೆಯಬೇಕೆಂಬ ಗುರಿ ಮೇಲಿನಿಂದ ಬರುತ್ತದೆ. ಮುಟ್ಟದಿದ್ದರೆ ಎಣ್ಣೆ ಕೂಡಿಸುವ ಸ್ಟೇಷನ್ನಿನ ಅಧಿಕಾರಿಯ ಚರ್ಮ ಸುಲಿಯುತ್ತಾರೆ. ಅದಕ್ಕೆ ಬಲವಾದ ಬಾವಿಗಳಿಗೆ ವರ್ಷವಿಡೀ ಸಣ್ಣ ಕಣ್ಣಿನ ಬೀನ್ ಹಾಕಿ ಬಲವನ್ನು ಮುಚ್ಚಿಡುವುದು, ಲೆಕ್ಕದ ವರ್ಷ ಮುಗಿಯುವ ಮಾರ್ಚ್ ಬಂದಾಗ ದೊಡ್ಡ ಕಣ್ಣಿನದು ಹಾಕಿ ಗುರಿ ಮುಟ್ಟಿಸುವುದು. ಮದ್ದಿನ ಕೆಲಸವೂ ವರ್ಷದ ಕೊನೆಗೇ ಒತ್ತಿಬಂದು ಆಗುವುದರಿಂದ, ಅದೇ ಬಾವಿಗೆ ಫೆಬ್ರವರಿಯಲ್ಲಿ ಆಸಿಡ್ ಕುಡಿಸಿ ಮಾರ್ಚಿನಲ್ಲಿ ಬೀನ್ ಬದಲಿಸಿದರೆ, ಏರಿದ ಎಣ್ಣೆಯೆಲ್ಲ ಆಸಿಡ್ಡಿನ ಪುಣ್ಯ ಎಂದು ಬರೆದುಕೊಳ್ಳಬಹುದು.

ನಮ್ಮಪ್ಪ ದನದ ವ್ಯಾಪಾರಿ. ಸಂತೆಯ ದಿನ ಬೆಳಗ್ಗೆ ಎಮ್ಮೆಯ ಹಾಲು ಕರೆಯದೆ ಬಿಟ್ಟು, ಕೆಚ್ಚಲು ಬಿಗಿದು ನಿಂತದ್ದನ್ನು ತೋರಿಸಿ ಮಾರುವವರನ್ನು ನಾನು ಕಣ್ಣಾರೆ ಕಂಡವನು. ಇದೂ ಅದೇ ಕಸುಬು ಎನ್ನಿಸಿತು.

"ನೀನೂ ಮಾಡಿದ್ದೀಯಾ?" ಎಂದು ಕೇಳಿದೆ.

"ಮಾಡದವನು ಯಾರಿದ್ದಾನೆ? ಅಲ್ಲಿ ಅದಕ್ಕೆ ಮೋಸ ಅಂತ ಹೆಸರೇ ಇಲ್ಲ. ಛತ್ರಿ ಹಿಡಿದ ಹಾಗೆ, ಮಳೆ ಬಂದರೆ ಬಿಚ್ಚೋದು. ಹಾಗಾಗಿಯೇ ಇಲ್ಲಿ ಕೂತಾಗ ನೆನಪಿಗೇ ಬರಲಿಲ್ಲ. ಮದ್ದು ಹಾಕಿದ ಮೇಲಿನ ಲೆಕ್ಕಕ್ಕೆ ಯಾವ ತಿಂಗಳದ್ದು ಹಿಡಿಯೋಣ ಅಂತ ಆ ಹುಡುಗಿ ಕೇಳಿದಳು. ಮಾರ್ಚಿನದು ಹಿಡಿ, ಅದು ಗಟ್ಟಿ, ಎಲ್ಲರೂ ಪರೀಕ್ಷೆ ಮಾಡಿ ಸಹಿ ಹಾಕಿರ್ತಾರೆ ಅಂತ ಹೇಳಿದ್ದು ನಾನೇ."

"ಈಗ ಏನಾಗುತ್ತೆ?"

"ಏನಾಗುತ್ತೆ? ಕಾಯಿಲೆಯೇ ಇಲ್ಲದ ಬಾವಿ ಹುಡುಕಿ ಹುಡುಕಿ ಮದ್ದು ಕುಡಿಸ್ತೀವಿ. ಹುಷಾರಿಲ್ಲದವು ಕಾದು ಕಾದು ಸಾಯ್ತವೆ. ಯಂತ್ರದ ತಪ್ಪೇನಿಲ್ಲ. ನಾವು ತೋರಿಸಿದ್ದನ್ನ ಕಲಿತಿದೆ."

"ಹೇಳಿಬಿಡು ಮತ್ತೆ."

ಗುಡ್ಡದ ಮೇಲೆ ಗಂಟೆ ಹೊಡೆದರು. ಆಚೆ ರಿಂಗ್ ರೋಡಿನಲ್ಲಿ ಬಸ್ಸುಗಳು ಒಂದನ್ನೊಂದು ತಳ್ಳಿಕೊಂಡು ಹೋಗುತ್ತಿದ್ದವು.

ಮರುದಿನ ಅವನು ಮಾಥುರ್ ಸಾಹೇಬರ ಕೋಣೆಗೆ ಹೋಗಿ ಹೇಳಿದ್ದು ನಿಜ. ಅಷ್ಟು ಮಾಡಿದ. ಸಾಹೇಬರು ಬಾಗಿಲು ಮುಂದೆ ಮಾಡಿ, "ಅರೇ ಭಾಯಿ, ನಾನೂ ಫೀಲ್ಡಿನಿಂದ ಬಂದವನೇ. ಬೀನ್ ತಿರುಗಿಸದ ಕೈ ಈ ಕಟ್ಟಡದಲ್ಲಿ ಯಾವುದಿದೆ, ತೋರಿಸು" ಎಂದರಂತೆ. ಇದನ್ನು ಬಾಯಿಬಿಟ್ಟರೆ ಬರೀ ನಮ್ಮ ಗುಂಪಲ್ಲ, ಪ್ರತಿ ವರ್ಷದ ಗುರಿಯ ಲೆಕ್ಕವೇ ಬಯಲಿಗೆ ಬೀಳುತ್ತದೆ. ಆಮೇಲೆ ನೀನು ಎಲ್ಲಿರುತ್ತೀಯೋ ನಾನು ಎಲ್ಲಿರುತ್ತೇನೋ. ಹುಡುಗಿಯ ಮೇಣದ ಮಾತು ಚೆನ್ನಾಗಿದೆ, ಅದೇ ಇರಲಿ ಎಂದೂ ಅಂದರಂತೆ. ಕೊನೆಗೆ, "ಬಿಟಿಯಾ ಹೇಗಿದ್ದಾಳೆ? ಈಗ ಚೆನ್ನಾಗಿ ಮಾತಾಡುತ್ತಾಳಂತೆ" ಎಂದು ಕೇಳಿದರಂತೆ. ಅಷ್ಟು ಸಾಕಾಗಿತ್ತು.

ದೊಡ್ಡ ಸಾಹೇಬರ ಮುಂದೆ ಸಭೆ ನಡೆಯಿತು. ಅನನ್ಯಾ ಹೊಸ ಸೀರೆ ಉಟ್ಟು ಬಂದಿದ್ದಳಂತೆ. ಪರದೆಯ ಮೇಲೆ ಚಿತ್ರ ತೋರಿಸಿ ಮೇಣ, ಚಳಿ, ಬಿಸಿಲು ಎಲ್ಲ ಬಿಡಿಸಿ ಹೇಳಿದಳು. ದೊಡ್ಡ ಸಾಹೇಬರು ಮೆಚ್ಚಿ, ಆದರೂ ಒಂದು ಸಂಶಯ ಉಳಿದವರಂತೆ ಚಿದಂಬರನ ಕಡೆ ತಿರುಗಿದರು. "ನೀವು ಬಾವಿ ಕಂಡವರು. ಲಡ್ಕೀ ಠೀಕ್ ಕಹ್ ರಹೀ ಹೈ?" ಹುಡುಗಿ ಹೇಳುತ್ತಿರುವುದು ಸರಿಯೇ ಎಂದು ಕೇಳಿದರು.

ಅವನು "ಜೀ ಸರ್" ಎಂದ.

ಅವಳು ಅವನ ಕಡೆ ನೋಡಿ ನಕ್ಕಳಂತೆ, ಬೆನ್ನಿಗೆ ನಿಂತ ಹಿರಿಯನ ಕಡೆ ನೋಡುವ ಹಾಗೆ. ಇದನ್ನು ಹೇಳುವಾಗ ಚಿದಂಬರ ನನ್ನ ಮುಖ ನೋಡಲಿಲ್ಲ. ನನ್ನ ಮಗಳಿಗೆ ಕಿವಿ ಕೇಳಿಸುತ್ತದೆ. ತಪ್ಪು ಅನ್ನುವುದು ನನಗೆ ಸುಲಭ.

ಗುಂಪು ಕಾಯಂ ಆಯಿತು. ಮಾರ್ಚಿಗೆ ಕಾಯದೆ ಮಳೆಗಾಲಕ್ಕೆ ಮುಂಚೆಯೇ ಸಾಲುಸಾಲಾಗಿ ಬಾವಿಗಳಿಗೆ ಆಸಿಡ್ ಇಳಿಸಿದರು. ಬಲವಾದ ಬಾವಿಗಳು, ಒಳ್ಳೇ ಎಣ್ಣೆ ಕೊಡುತ್ತಿದ್ದವು. ದಸರೆ ಹೊತ್ತಿಗೆ ಒಂದರ ಹಿಂದೊಂದು ಉಪ್ಪುನೀರು ಕಾರತೊಡಗಿದವು. ಮದ್ದಿಗಾಗಿ ಕಾದಿದ್ದ ಸೊರಗಿದ ಬಾವಿಗಳಲ್ಲಿ ಹಲವನ್ನು ಮುಚ್ಚಿದರು. ಫೀಲ್ಡಿನವರು ದಿಲ್ಲಿಯ ಯಂತ್ರಕ್ಕೆ ಹಿಡಿಶಾಪ ಹಾಕಿದರು. ಬೀನ್ ವಿಷಯ ಅವರು ಎತ್ತಲಿಲ್ಲ, ಎತ್ತುವ ಹಾಗೂ ಇರಲಿಲ್ಲ. ವಿಚಾರಣೆಗೆ ಒಂದು ಕುತ್ತಿಗೆ ಬೇಕಿತ್ತು. ಮೇಣದ ಸಿದ್ಧಾಂತ ಯಾರದು? ಗುತ್ತಿಗೆಯ ಹುಡುಗಿಯದು. ಫೀಲ್ಡು ಕಾಣದವಳು, ಪುಸ್ತಕ ಓದಿ ಲೆಕ್ಕ ಕಟ್ಟಿದಳು ಎಂದು ಅವಳ ಗುತ್ತಿಗೆ ಮುರಿದರು. ಯಂತ್ರವನ್ನು ಮಾತ್ರ ಇಟ್ಟುಕೊಂಡರು. ಬೇರೆ ಹುಡುಗನೊಬ್ಬ ಬಂದು ಅದೇ ಮಾರ್ಚಿನ ಲೆಕ್ಕವನ್ನು ಹೊಸದಾಗಿ ಅದಕ್ಕೆ ತಿನ್ನಿಸತೊಡಗಿದ.

ಅನನ್ಯಾ ಊರಿಗೆ ಹೋಗಲಿಲ್ಲ. ಕೆಲಸ ಹೋದ ಸುದ್ದಿ ಮನೆಗೆ ಹೇಳಿರಲಿಲ್ಲ. ಘಾಜಿಯಾಬಾದಿನ ಒಂದು ಕೋಚಿಂಗ್ ಸೆಂಟರಿನಲ್ಲಿ ಪಾಠ ಹೇಳುತ್ತಾ ಉಳಿದಳು. ದೂರವಾಯಿತು, ಭಾನುವಾರವೂ ಕ್ಲಾಸು. ಮುದ್ದೆಯ ಊಟ ನಿಂತಿತು. ಸಂಯುಕ್ತಾಳಿಗೆ ಮಾತ್ರ ಮೊಬೈಲಿನಲ್ಲಿ ಮೆಸೇಜು ಕಳಿಸುತ್ತಿದ್ದಳು. ಲೆಕ್ಕ ಬಾರದಿದ್ದರೆ ಈ ಹುಡುಗಿ ಕೇಳುವಳು, ಆ ಹುಡುಗಿ ಬಿಡಿಸಿ ಬರೆಯುವಳು. ಆ ಸಣ್ಣ ಡಬ್ಬಿ ಟ್ರಿಂಗ್ ಎಂದಾಗಲೆಲ್ಲ ಚಿದಂಬರ ಬೆಚ್ಚುತ್ತಿದ್ದ. ಕೇಳಿಸದ ಮಗಳ ಬದಲು ಅವನೇ ಎದ್ದು ಹೋಗಿ ಅದನ್ನು ಅವಳ ಕೈಗೆ ಕೊಡಬೇಕಿತ್ತು.

ಆ ವರ್ಷಗಳಲ್ಲಿ ಅವನು ಇಳಿದುಹೋದ. ಮೈಯಲ್ಲಿ ರೋಗವಿಲ್ಲ. ಆದರೆ ಮಾತು ಬತ್ತಿತು. ತಿರುಗಾಟಕ್ಕೆ ಬಂದರೂ ಹೂಂ ಉಹೂಂ ಅಷ್ಟೇ. ಮನೋರಮಮ್ಮ, "ಮಗಳಿಗೆ ಬಾಯಿ ಬಂತು, ಇವನದು ಹೋಯ್ತು ನೋಡಿ" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಸಂಯುಕ್ತಾ ಹತ್ತನೆಯ ತರಗತಿ ಪಾಸಾದಳು, ಲೆಕ್ಕದಲ್ಲಿ ಶಾಲೆಗೇ ಹೆಚ್ಚು. ದೀದಿಗೆ ಮೆಸೇಜು ಕಳಿಸಿ, ಬರಲೇಬೇಕೆಂದು ಹಟ ಹಿಡಿದು ಕರೆಸಿಕೊಂಡಳು. ನನ್ನನ್ನೂ ಕರೆದಿದ್ದಳು. ಅನನ್ಯಾ ಘಾಜಿಯಾಬಾದಿನಿಂದ ಎರಡು ಬಸ್ಸು ಬದಲಿಸಿ, ಬಿಸಿಲಲ್ಲಿ ಬೆಂದು, ಕೈಯಲ್ಲಿ ಸಿಹಿಯ ಡಬ್ಬಿ ಹಿಡಿದು ಬಂದಳು. ಬಡಕಲಾಗಿದ್ದಳು. ಹುಡುಗಿ ಮೆಟ್ಟಿಲಲ್ಲೇ ಅವಳ ಕೊರಳಿಗೆ ಬಿದ್ದಳು.

ತಿಂದದ್ದಾಯಿತು, ನಗೆಯೂ ಆಯಿತು. ಸಂಯುಕ್ತಾ ಅಡುಗೆಮನೆಯ ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ನಿಂತಿದ್ದಾಗ, ಅನನ್ಯಾ ಹಿಂದಿಯಲ್ಲೇ, ಸಹಜವಾಗಿ, ಚಿದಂಬರನನ್ನು ಕೇಳಿದಳು: "ಅಂಕಲ್, ಇಷ್ಟು ವರ್ಷ ಆದರೂ ನನ್ನ ತಲೆಯಿಂದ ಹೋಗಿಲ್ಲ. ಮೇಣದ ಲೆಕ್ಕದಲ್ಲಿ ನಾನು ಎಲ್ಲಿ ತಪ್ಪಿದೆ? ನಿಮಗೆ ಗೊತ್ತಿರಬೇಕು."

ಸಂಯುಕ್ತಾಳ ಕಣ್ಣು ಅಪ್ಪನ ತುಟಿಯ ಮೇಲೆ ನೆಟ್ಟಿತು. ದೀದಿಯ ಪ್ರಶ್ನೆಯನ್ನು ಅವಳು ಓದಿಕೊಂಡಿದ್ದಳು. ಉತ್ತರ ಅವಳಿಗೂ ಬೇಕಿತ್ತು. ಚಿದಂಬರ ಒಂದು ಗಳಿಗೆ ಬಾಯಿ ತೆರೆದು ಮುಚ್ಚಿದ. ಆಮೇಲೆ, ಮಗಳು ಎದುರಿಗಿರುವಾಗ ಆ ಮನೆಯಲ್ಲಿ ತಾನು ಎಂದೂ ಆಡದ ಕನ್ನಡದಲ್ಲಿ, ಹೇಳತೊಡಗಿದ. ಬೀನ್ ಹೇಳಿದ. ಮಾರ್ಚ್ ಹೇಳಿದ. ಸಭೆಗೆ ಮೊದಲೇ ತನಗೆ ತಿಳಿದಿದ್ದನ್ನು ಹೇಳಿದ. ಏರಿಳಿತವಿಲ್ಲದ ದನಿ, ಹವಾಮಾನ ಹೇಳಿದ ಹಾಗೆ.

"ನೀವು 'ಜೀ ಸರ್' ಅಂದ್ರಿ" ಎಂದಳು ಅನನ್ಯಾ. ಅವಳೂ ಈಗ ಕನ್ನಡಕ್ಕೆ ಹೊರಳಿದ್ದಳು.

"ಅಂದೆ."

"ಇವಳಿಗೋಸ್ಕರ."

"ಹೂಂ."

"ಈಗ ಹೋಗಿ ಹೇಳ್ತೀರಾ ಮಾಥುರ್ ಸರ್‌ಗೆ? ನನ್ನ ತಪ್ಪಲ್ಲ ಅಂತ?"

"ಅವರಿಗೆ ಅವತ್ತೇ ಗೊತ್ತಿತ್ತಮ್ಮ."

ಮನೋರಮಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಅನನ್ಯಾ ಕೂಗಾಡಲಿಲ್ಲ. ಕಾಲ ಬಳಿಯ ಚೀಲ ಎತ್ತಿಕೊಂಡು ಅದರ ಪಟ್ಟಿಯನ್ನು ಭುಜಕ್ಕೆ ಏರಿಸಲು ಹೋಗಿ ಏರಿಸಲಾಗದೆ, ಮತ್ತೆ ಏರಿಸಿ, ಎದ್ದಳು. ಸಂಯುಕ್ತಾ ತಟ್ಟೆ ಕೆಳಗಿಟ್ಟು ಓಡಿಬಂದು ಅವಳ ತೋಳು ಹಿಡಿದಳು. "ಕ್ಯಾ ಹುವಾ ದೀದೀ? ಪಾಪಾ ನೇ ಕ್ಯಾ ಕಹಾ?" ಏನಾಯಿತು, ಅಪ್ಪ ಏನೆಂದ ಎಂದು ಕೇಳಿದಳು.

ಅನನ್ಯಾ ಆ ಹುಡುಗಿಯ ಮುಖವನ್ನು ನೋಡಿದಳು. ಹೇಳಿಬಿಡುತ್ತಾಳೆ ಎಂದುಕೊಂಡೆ. ಹೇಳುವ ಹಕ್ಕು ಅವಳಿಗಿತ್ತು. ತುಟಿಯನ್ನು ಅಗಲಿಸಿ, ಹುಡುಗಿಗೆ ಸ್ಪಷ್ಟವಾಗಿ ಕಾಣುವಂತೆ, "ಕುಛ್ ನಹೀಂ. ಪುರಾನೀ ಬಾತ್", ಏನಿಲ್ಲ, ಹಳೇ ಮಾತು, ಎಂದಳು. ಕೆನ್ನೆ ಮುಟ್ಟಿ ಮೆಟ್ಟಿಲಿಳಿದು ಹೋದಳು. ಚಹಾ ಹಾಗೇ ಉಳಿಯಿತು.

ಆಮೇಲೆ ಅವಳ ಮೆಸೇಜು ಬರಲಿಲ್ಲ. ಸಂಯುಕ್ತಾ ದಿನಾ ಕಳಿಸಿದಳು. ನಂಬರು ಕೆಟ್ಟಿದೆಯೆಂದು ನನ್ನ ಮೊಬೈಲಿನಿಂದಲೂ ಕಳಿಸಿ ನೋಡಿದಳು. ಅಪ್ಪನನ್ನು ಕೇಳಿದಳು. ಅವನು ಉತ್ತರ ಹೇಳಬೇಕಾದಾಗ ಮುಖವನ್ನು ಕಿಟಕಿಯ ಕಡೆ ತಿರುಗಿಸಿದ. ತುಟಿ ನೋಡಿ ಕೇಳುವ ಮಗುವಿಗೆ ಅದು ಬಾಗಿಲು ಹಾಕಿದ ಹಾಗೆ. ಅವಳು ಎದ್ದು ಹೋಗಿ ಕಿಟಕಿಯ ಪಕ್ಕ, ಅವನ ಎದುರಿಗೇ ನಿಂತಳು. ಅವನು ಕಣ್ಣು ಮುಚ್ಚಿಕೊಂಡ.

ಆ ವರ್ಷದ ಕೊನೆಗೆ ಅವನೇ ಕೇಳಿಕೊಂಡು ಫೀಲ್ಡಿಗೆ ಹೋದ. ಹುಡುಗಿಯನ್ನು ಹಾಸ್ಟೆಲಿರುವ ಕಾಲೇಜೊಂದಕ್ಕೆ ಸೇರಿಸಿದ್ದಾಯಿತು, ಮನೋರಮಮ್ಮ ಹಿರಿಯೂರಿಗೆ ಹೊರಟಳು. ಸಾಮಾನು ಲಾರಿಗೆ ಏರಿಸುವ ದಿನ ಸಂಯುಕ್ತಾ ನನ್ನನ್ನು ಬದಿಗೆ ಕರೆದು, ತನ್ನ ಒರಟು ದನಿಯನ್ನು ಆದಷ್ಟು ತಗ್ಗಿಸಿ, "ಅಂಕಲ್, ದೀದೀ ಮುಝಸೇ ನಾರಾಜ್ ಹೈ ಕ್ಯಾ?" ಎಂದು ಕೇಳಿದಳು. ತನ್ನ ಮೇಲೆ ಮುನಿಸೆಂದು ಅಷ್ಟು ದಿನದಿಂದ ತಿಳಿದುಕೊಂಡಿದ್ದಳು. ನಿನ್ನ ಮೇಲಲ್ಲ ಕೂಸೇ ಎಂದೆ. ಹಾಗಾದರೆ ಯಾರ ಮೇಲೆ ಎಂದಳು. ಲಾರಿಯವನು ಹಗ್ಗ ಬಿಗಿಯಿರಿ ಎಂದು ಕೂಗಿದ. ಅದನ್ನೇ ನೆಪ ಮಾಡಿಕೊಂಡು ನಾನು ಆ ಕಡೆ ನಡೆದೆ.